ಗಂಟೆ ಯಾರ ಮುಂದಿರಬೇಕು

ಭಾನುವಾರ ಮಧ್ಯಾಹ್ನ ಬೇಕರಿಯ ಹಿಂದಿನ ಕೋಣೆಗೆ ಕಾಲಿಟ್ಟವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಗೋಡೆಗೆ ಬೆನ್ನು ಕೊಡುವುದು. ಗೋಡೆಯ ಆಚೆ ಬದಿಗೆ ದೊಡ್ಡ ಒಲೆಯಿತ್ತು. ಬೆಳಗಿನ ಬ್ರೆಡ್ಡು ಮುಗಿದು ಬೆಂಕಿ ಆರಿದ ಮೇಲೂ ಆ ಗೋಡೆ ಸಂಜೆಯವರೆಗೆ ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗೇ ಇರುತ್ತಿತ್ತು. ಹಿಟ್ಟಿನ ಮೂಟೆಗಳನ್ನು ಮೂಲೆಗೆ ಒತ್ತರಿಸಿ, ಹಿಟ್ಟು ನಾದುವ ಉದ್ದನೆಯ ಮೇಜನ್ನು ಒರೆಸಿ, ಸುತ್ತ ಸ್ಟೂಲು ಹಾಕಿದರೆ ಅದೇ ಬರಹಗಾರರ ಕೂಟ.

ಹೀಗೆ ಒತ್ತರಿಸಿ ಒರೆಸಿ ಸಜ್ಜು ಮಾಡುತ್ತಿದ್ದವಳು ಅದೇ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವಳು. ಕೂಟಕ್ಕೆ ಸೇರಿದ ಹೊಸದರಲ್ಲಿ ಅವಳು ಮಿಕ್ಕ ಬನ್ನುಗಳನ್ನು ತಟ್ಟೆಯಲ್ಲಿಟ್ಟು ತಂದಳೆಂದು ಯಾರೋ ‘ಬನ್ನಕ್ಕ’ ಎಂದರು. ಅದೇ ಅಂಟಿಕೊಂಡಿತು. ಕಥೆ ಬರೆಯುವ ಹೆಂಗಸಿಗೆ ಇದೆಂಥ ಹೆಸರು ಎಂದು ಲಾರಿ ಓಡಿಸುವ ಅವಳ ಗಂಡ ಮನೆಗೆ ಬಂದಾಗಲೆಲ್ಲ ನಗುತ್ತಿದ್ದ. “ಸದ್ಯ, ರಸ್ಕಕ್ಕ ಅನ್ನಲಿಲ್ಲವಲ್ಲ,” ಎಂದು ಅವಳೂ ನಗುತ್ತಿದ್ದಳು. ವಾರವೆಲ್ಲ ಕತ್ತಲಿರುವಾಗಲೇ ಎದ್ದು, ಹಿಟ್ಟು ನಾದಿ, ಮನೆಗೆ ಓಡಿ, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಟ್ಟು, ಮತ್ತೆ ಬಂದು ಒಲೆಯ ಮುಂದೆ ನಿಲ್ಲುವವಳಿಗೆ ಭಾನುವಾರದ ಆ ಒಂದಿಷ್ಟು ಹೊತ್ತು ಮಾತ್ರ ಸ್ವಂತದ್ದು. ಅದರಲ್ಲೂ ಪಾಲಿಗೆ ಮಗಳು ಇದ್ದೇ ಇರುತ್ತಿದ್ದಳು. ಏಳು ವರ್ಷದ ಮಾತಿನಮಲ್ಲಿ. ಅಪ್ಪ ಹಾಗೆ ಕರೆದು ಕರೆದು ಈಗ ಬರೀ ಮಲ್ಲಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ ಅವಳೂ ಬಂದು ಮೇಜಿನ ಕೆಳಗೆ ಖಾಲಿ ಮೂಟೆ ಹಾಸಿಕೊಂಡು ಬಣ್ಣದ ಕಡ್ಡಿಗಳ ಜೊತೆ ಸಂಸಾರ ಹೂಡುತ್ತಿದ್ದಳು.

ಕೂಟ ಕಟ್ಟಿದವರು ಪ್ರೂಫಜ್ಜ. ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಬೇರೆಯವರ ಪುಸ್ತಕದ ತಪ್ಪು ತಿದ್ದಿದವರು. ಅವರು ಹಾಕಿಕೊಟ್ಟ ಕಟ್ಟಳೆ ಒಂದೇ. ತಮ್ಮ ಬರಹ ಓದಿದವರು, ಉಳಿದವರೆಲ್ಲ ಅದರ ಬಗ್ಗೆ ಮಾತಾಡಿ ಮುಗಿಸುವವರೆಗೆ ತುಟಿ ಪಿಟಕ್ಕೆನ್ನಬಾರದು.

“ನಾಳೆ ಪುಸ್ತಕ ಅಚ್ಚಾದ ಮೇಲೆ ಓದಿದವರ ಮನೆಮನೆಗೂ ಹೋಗಿ ‘ಅದು ಹಾಗಲ್ಲ ಸ್ವಾಮಿ, ಹೀಗೆ’ ಅಂತ ವಿವರಿಸೋಕಾಗುತ್ತೇನ್ರಪ್ಪಾ? ಈಗಿಂದಲೇ ಬಾಯಿ ಮುಚ್ಚಿಕೊಂಡು ಕೇಳೋದು ಕಲೀರಿ,” ಎನ್ನುತ್ತಿದ್ದರು ಅಜ್ಜ.

ಕಟ್ಟಳೆ ಕಾಯಲು ಒಂದು ಗಂಟೆಯಿತ್ತು. ಬೇಕರಿಯ ಕೌಂಟರಿನ ಮೇಲೆ ಗಿರಾಕಿಗಳು ಅಂಗೈಯಲ್ಲಿ ತಟ್ಟುವ ಹಿತ್ತಾಳೆಯ ಪುಟ್ಟ ಗಂಟೆ. ಭಾನುವಾರ ಅದು ಒಳಗೆ ಬಂದು ಬನ್ನಕ್ಕನ ಮುಂದೆ ಕೂರುತ್ತಿತ್ತು. ಓದಿದವರು ಬಾಯಿ ತೆರೆದರೆ ಟಿಣ್! ಅತಿ ಹೆಚ್ಚು ಟಿಣ್ ತಿಂದವನು ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬರೆದುಕೊಳ್ಳುವ ಮೀಟರ್ ಕವಿ. ಒಮ್ಮೆ ಅವನ ಪದ್ಯದಲ್ಲಿ ನೀಲಿ ಆನೆಯೊಂದು ಬಂತು. ಆನೆ ಯಾಕೆ ನೀಲಿ, ಅದು ಆಕಾಶವೋ ವಿಷಾದವೋ ಎಂದು ಎಲ್ಲರೂ ತಲೆ ಕೆರೆದುಕೊಂಡರು. ಅವನು ತಡೆದ, ಬೆವರಿದ, ಕೊನೆಗೆ ಸಿಡಿದ: “ಅಯ್ಯೋ, ಅದು ಆನೆಯಲ್ಲ, ನಮ್ಮ ಮಾವ! ನೀಲಿ ಸ್ವೆಟರ್...” ಟಿಣ್! ಆವತ್ತು ನಕ್ಕ ನಗೆಗೆ ಹಿಟ್ಟಿನ ಮೂಟೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಹೋಗಿತ್ತು.

ನಗಿಸುವುದರಲ್ಲಿ ಎತ್ತಿದ ಕೈಯೆಂದರೆ ಹಲ್ಲಿನ ಡಾಕ್ಟರು. ಅವರು ಬಾರದ ಭಾನುವಾರ ಉಪ್ಪಿಲ್ಲದ ಬ್ರೆಡ್ಡು ಎಂದು ಬನ್ನಕ್ಕನೇ ಹೇಳಿದ್ದುಂಟು. ಅವಳನ್ನು ಅವರು ‘ತಂಗಿ’ ಎನ್ನುತ್ತಿದ್ದರು, ಇವಳು ‘ಅಣ್ಣ’ ಎನ್ನುತ್ತಿದ್ದಳು. ಬರೀ ಬಾಯಿಮಾತಿನ ಅಣ್ಣನಲ್ಲ. ಅವಳ ಮೊದಲ ಕಥೆಯನ್ನು ವಾರಪತ್ರಿಕೆಯ ಸಂಪಾದಕರ ಕೈಗೆ ಒಯ್ದು ಕೊಟ್ಟವರು ಅವರೇ. ಮಲ್ಲಿಯ ಹಾಲುಹಲ್ಲನ್ನು, ಅವಳು ಕಪ್ಪೆಯ ಕಥೆ ಕೇಳಿ ಬಾಯಿ ಬಿಟ್ಟುಕೊಂಡಿದ್ದಾಗಲೇ, ಅವಳಿಗೇ ಗೊತ್ತಾಗದ ಹಾಗೆ ಕಿತ್ತುಕೊಟ್ಟವರು. ಅಂಥವರತ್ತ ಬೆರಳು ತೋರಿಸುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ಬನ್ನಕ್ಕ ಅವರ ಬಾಯಿಗೆ ಬನ್ನು ತುರುಕುತ್ತಿದ್ದಳು.

ಕೂಟಕ್ಕೆ ಹೊಸಬಳೊಬ್ಬಳು ಬಂದಳು. ಎದುರು ಬೀದಿಯ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸಿ, ಚೌಕಟ್ಟು ಬಗ್ಗಿಸಿ ಕೂರಿಸುವ ಹುಡುಗಿ. ಮಾತು ಕಡಿಮೆ. ಬನ್ನು ತಿಂದಾದ ಮೇಲೆ ಮೇಜಿನ ಪುಡಿಯನ್ನು ಬೆರಳತುದಿಯಿಂದ ಒತ್ತಿ ಒತ್ತಿ ಒಟ್ಟು ಮಾಡುತ್ತಿದ್ದಳು. ಎರಡು ವಾರ ಸುಮ್ಮನೆ ಕೂತು ಕೇಳಿ, ಮೂರನೆಯ ವಾರ ಕಥೆ ಓದಿದಳು.

ಕಥೆಯಲ್ಲಿ ಕನ್ನಡಕದ ಅಂಗಡಿಯ ಒಬ್ಬಂಟಿ ಹೆಂಗಸೊಬ್ಬಳಿದ್ದಾಳೆ. ಅವಳ ಬಳಿ ಒಬ್ಬ ಮುದುಕ ಬಂದು ತೀರಿಹೋದ ಹೆಂಡತಿಯ ಕನ್ನಡಕವನ್ನು ಮೇಜಿನ ಮೇಲಿಡುತ್ತಾನೆ. ಈ ಚೌಕಟ್ಟಿಗೆ ನನ್ನ ನಂಬರಿನ ಗಾಜು ಹಾಕಿಕೊಡಮ್ಮ ಎನ್ನುತ್ತಾನೆ. ಹೆಂಡತಿಯದು ಸಣ್ಣ ಮುಖ, ಇವನದು ಅಗಲ ಮುಖ. ಹಾಕಿಕೊಂಡರೆ ಕಿವಿಯ ಬಳಿ ಕಚ್ಚುತ್ತದೆ. ಆಗುವುದಿಲ್ಲ ಅನ್ನಬೇಕೋ, ಏನಾದರೂ ಮಾಡಬೇಕೋ? ಅಲ್ಲಿಗೆ ಅರ್ಧ ಕಥೆ ನಿಂತಿತು.

ಯಾರೂ ಕೆಮ್ಮಲಿಲ್ಲ. ಮೀಟರ್ ಕವಿ ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡು, ಹಿಟ್ಟಿನ ಧೂಳು ಎಂದ. ಆಗ ಡಾಕ್ಟರು ಮುಂದಕ್ಕೆ ಬಾಗಿದರು.

“ಕಥೆ ಹಾಗಿರಲಿ ಮಹರಾಯ್ತಿ, ಕಥೆ ಬರೆದ ಈ ಕಣ್ಣು ನೋಡ್ರಪ್ಪಾ ಎಲ್ಲರೂ! ಈ ಕಣ್ಣಿಟ್ಟುಕೊಂಡು ಊರವರ ಕಣ್ಣು ನೋಡ್ತೀನಿ ಅಂದ್ರೆ ಯಾರಿಗೆ ತಾನೇ ಅಕ್ಷರ ಕಾಣುತ್ತೆ?”

ಎಲ್ಲರೂ ನಕ್ಕರು. ಹುಡುಗಿಯೂ ತುಟಿ ಅಗಲಿಸಿದಳು.

“ಅಲ್ಲಾ, ಈ ಹೆಂಗಸು ರಾತ್ರಿ ಒಬ್ಬಳೇ ಮಲಗ್ತಾಳೆ, ಪಕ್ಕದ ದಿಂಬು ತಣ್ಣಗಿರುತ್ತೆ ಅಂತ ಬರೆದಿದೀಯಲ್ಲ. ಅದು ಕಲ್ಪನೆಯೋ, ಸ್ವಂತ ಅನುಭವವೋ? ಕಥೆಯ ಒಳ್ಳೇದಕ್ಕೇ ಕೇಳ್ತಿದೀನಿ.”

“ಅದು ಅಲ್ಲ...” ಎಂದು ಹುಡುಗಿ ಬಾಯಿ ತೆರೆದಳು.

ಟಿಣ್!

ಅಭ್ಯಾಸಬಲ. ಬನ್ನಕ್ಕನ ಕೈ ತಾನಾಗಿಯೇ ಗಂಟೆಯ ಮೇಲೆ ಬಿದ್ದಿತ್ತು. ಈ ಸಲದ ನಗು ಇನ್ನೂ ಜೋರಾಯಿತು. “ನೋಡಿದ್ಯಾ, ನಮ್ಮ ತಂಗಿ ಯಾರನ್ನೂ ಬಿಡಲ್ಲ,” ಎಂದರು ಡಾಕ್ಟರು.

ಮುಂದಿನ ವಾರ ಅವಳು ಒಂದು ಸಣ್ಣ ಪ್ರಬಂಧ ಓದಿದಳು, ಅದರ ಮುಂದಿನ ವಾರ ಒಂದು ಪದ್ಯ. ಎರಡು ಸಲವೂ ಡಾಕ್ಟರ ಮಾತು ಬರಹದ ಹೊಸಿಲು ದಾಟಿ ಬರೆದವಳ ಮೈಮೇಲೆ ಹೋಗಿ ನಿಂತಿತು. ಎರಡು ಸಲವೂ ಅವಳು ಬಾಯಿ ತೆರೆದಳು. ಎರಡು ಸಲವೂ ಟಿಣ್. ಕೂಟ ಮುಗಿದ ಮೇಲೆ ಡಾಕ್ಟರು, “ಬಾ, ಬಸ್ ಸ್ಟಾಪಿನವರೆಗೂ ಬರ್ತೀನಿ, ಕಥೆ ತಿದ್ದೋದರ ಬಗ್ಗೆ ಮಾತಾಡೋಣ,” ಎಂದು ಅವಳ ಜೊತೆ ಹೊರಡುತ್ತಿದ್ದರು. ಹೊಸಬರ ಮೇಲೆ ಅಣ್ಣನಿಗೆ ಎಷ್ಟು ಅಕ್ಕರೆ ಎಂದುಕೊಂಡು ಬನ್ನಕ್ಕ ಮೇಜು ಒರೆಸುತ್ತಿದ್ದಳು.

ಆಮೇಲೆ ಹುಡುಗಿ ಬರಲಿಲ್ಲ. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಅಂಗಡಿಯಲ್ಲಿ ಕೆಲಸವಿರಬೇಕು ಎಂದರು ಅಜ್ಜ. ಆ ಮುದುಕನ ಕನ್ನಡಕ ಏನಾಯಿತೋ ಎಂದು ಮೀಟರ್ ಕವಿ ಬಾಗಿಲ ಕಡೆಗೇ ನೋಡುತ್ತಿದ್ದ. “ಈಗಿನ ಮಕ್ಕಳಿಗೆ ಎರಡು ಮಾತು ತಡಕೊಳ್ಳೋ ಶಕ್ತಿ ಇಲ್ಲ,” ಎಂದರು ಡಾಕ್ಟರು. ಇದ್ದರೂ ಇರಬಹುದು ಎಂದುಕೊಂಡಳು ಬನ್ನಕ್ಕ.

ಹಾಗೆಂದುಕೊಂಡದ್ದು ಬುಧವಾರದ ತನಕ. ಬುಧವಾರ ಶಾಲೆ ಬಿಟ್ಟು ಬಂದ ಮಲ್ಲಿ ಮಂಚದ ಮೇಲೆ ಆಟ ಹೂಡಿದಳು. ಒಂದು ಕಿವಿ ಹೋದ ಕರಡಿ, ಪ್ಲಾಸ್ಟಿಕ್ಕಿನ ಜಿರಾಫೆ, ಅಡುಗೆಮನೆಯಿಂದ ಎತ್ತಿಕೊಂಡು ಬಂದ ಎರಡು ಸೌಟು, ಎಲ್ಲರೂ ದುಂಡಗೆ ಕೂತರು. ಮಧ್ಯೆ ಬೋರಲು ಹಾಕಿದ ಸ್ಟೀಲ್ ಲೋಟ. ಬನ್ನಕ್ಕ ಪಕ್ಕದಲ್ಲೇ ಒಗೆದ ಬಟ್ಟೆ ಮಡಚುತ್ತಿದ್ದಳು. ನಿದ್ದೆ ಕಣ್ಣೆಳೆಯುತ್ತಿತ್ತು.

“ಅಮ್ಮಾ, ಸದ್ದು ಮಾಡಬೇಡ. ಕೂಟ ನಡೀತಿದೆ. ಜಿರಾಫೆ ಓದ್ತಿದೆ.”

“ಸರಿ ತಾಯಿ. ಬಟ್ಟೆ ಮಡಚಬಹುದಾ?”

“ಮೆಲ್ಲಗೆ.”

ಜಿರಾಫೆ ಒಂದೂರಲ್ಲಿದ್ದ ಒಂದು ಎಲೆಯ ಕಥೆ ಓದಿ ಮುಗಿಸಿತು. ಕರಡಿ ದಪ್ಪ ದನಿ ತೆಗೆಯಿತು. “ಕಥೆ ಹಾಗಿರಲಿ ಮಹರಾಯ್ತಿ. ನಿನ್ನ ಕತ್ತು ಎಷ್ಟುದ್ದ! ರಾತ್ರಿ ಒಬ್ಬಳೇ ಮಲಗ್ತೀಯಾ?”

“ಬೇ...” ಎಂದಿತು ಜಿರಾಫೆ.

ಟಿಣ್! ಮಲ್ಲಿ ಚಮಚದಿಂದ ಲೋಟಕ್ಕೆ ಹೊಡೆದಳು. ಹೊಡೆಯುವಾಗ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಸ್ವಲ್ಪ ಮೇಲೆತ್ತಿ, ಕಣ್ಣು ಅರೆಮುಚ್ಚಿ, ಥೇಟ್ ಅಮ್ಮನ ಹಾಗೆ. ಸೌಟುಗಳು ಹಹಹಾ ಎಂದು ನಕ್ಕವು.

ಬನ್ನಕ್ಕನಿಗೂ ಮೊದಲು ನಗುವೇ ಬಂತು. ನಗು ತುಟಿಯಲ್ಲಿರುವಾಗಲೇ, ಮಲ್ಲಿ ಕರಡಿಯ ಕಾಲನ್ನು ಎಳೆದು ಜಿರಾಫೆಯ ಕಾಲಿನ ಮೇಲಿಟ್ಟಳು. ಜಿರಾಫೆಯನ್ನು ಹಿಂದಕ್ಕೆ ಸರಿಸಿದಳು. ಕರಡಿಯ ಕಾಲು ಮತ್ತೆ ಮುಂದೆ ಬಂತು.

“ಅದ್ಯಾಕೆ ಮಲ್ಲಿ ಹಾಗೆ?”

“ಮೇಜಿನ ಕೆಳಗೆ ಹಾಗೇ ಇರುತ್ತಮ್ಮ. ಜಿರಾಫೆ ಕಾಲು ತಗೊಳ್ಳುತ್ತೆ, ಕರಡಿ ಮತ್ತೆ ಇಡುತ್ತೆ. ನಿಂಗೆ ಮೇಲಿಂದ ಕಾಣಲ್ಲ.”

ಬನ್ನಕ್ಕನ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. “ಜಿರಾಫೆ ಬೇಡ ಅಂತಿದೆಯಲ್ಲೇ ಚಿನ್ನ?”

“ಅದು ಓದಿದೆಯಲ್ಲಮ್ಮ,” ಎಂದಳು ಮಲ್ಲಿ, ದಡ್ಡರಿಗೆ ಪಾಠ ಹೇಳುವ ತಾಳ್ಮೆಯಿಂದ. “ಓದಿದ ಮೇಲೆ ಬೇಡ ಅನ್ನೋ ಹಾಗಿಲ್ಲ. ಅಂದ್ರೆ ನೀನು ಟಿಣ್ ಮಾಡ್ತೀಯ.”

“ಆಮೇಲೆ ಜಿರಾಫೆ ಏನು ಮಾಡುತ್ತೆ?”

“ಬರೋದು ಬಿಡುತ್ತೆ.” ಮಲ್ಲಿ ಜಿರಾಫೆಯನ್ನು ದಿಂಬಿನ ಕೆಳಗೆ ತಳ್ಳಿ, “ಮುಂದೆ ಯಾರು ಓದ್ತೀರಾ?” ಎಂದು ಸೌಟುಗಳನ್ನು ಕೇಳಿದಳು.

ಬನ್ನಕ್ಕ ದಿಂಬೆತ್ತಿ ಜಿರಾಫೆಯನ್ನು ಹೊರತೆಗೆದಳು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನಲ್ಲಿ ಒರೆಸಿದಳು. ಕಣ್ಣು ನೋಡ್ರಪ್ಪಾ ಎಂದದ್ದು, ದಿಂಬಿನ ಮಾತು, ಹುಡುಗಿಯ ಸ್ಟೂಲು ವಾರದಿಂದ ವಾರಕ್ಕೆ ಮೇಜಿನಿಂದ ಹಿಂದಕ್ಕೆ ಹಿಂದಕ್ಕೆ ಸರಿದದ್ದು, ಎಲ್ಲ ಅವಳ ಕಣ್ಣೆದುರೇ ನಡೆದಿತ್ತು. ಅವಳು ನೋಡುತ್ತಿದ್ದದ್ದು ಓದಿದವರ ತುಟಿಯನ್ನು ಮಾತ್ರ.

ಮರುದಿನ ಬೆಳಗಿನ ಪಾಳಿ ಮುಗಿಸಿ, ತಲೆಗೂದಲ ಹಿಟ್ಟು ಕೊಡವಿಕೊಂಡು ಅವಳು ಎದುರು ಬೀದಿಯ ಕನ್ನಡಕದ ಅಂಗಡಿಗೆ ಹೋದಳು. ಗಾಜಿನ ಕಪಾಟುಗಳ ಹಿಂದೆ ಹುಡುಗಿ ಒಂದು ಚೌಕಟ್ಟನ್ನು ಬಿಸಿಗಾಳಿಯ ಮುಂದೆ ಹಿಡಿದು ಮೆದು ಮಾಡುತ್ತಿದ್ದಳು. ಬನ್ನಕ್ಕನನ್ನು ಕಂಡದ್ದೇ ಮುಖದ ಬಣ್ಣ ಇಳಿಯಿತು. ಆದರೂ ಮರ್ಯಾದೆ ಬಿಡಲಿಲ್ಲ.

“ಬನ್ನಿ ಅಕ್ಕ. ಕಣ್ಣು ತೋರಿಸಬೇಕಿತ್ತಾ?”

“ಹೂಂ,” ಎಂದುಬಿಟ್ಟಳು ಬನ್ನಕ್ಕ. ಬೇರೇನೂ ತೋಚಲಿಲ್ಲ.

ಒಳಗಿನ ಕತ್ತಲೆ ಕೋಣೆಯಲ್ಲಿ ಎತ್ತರದ ಕುರ್ಚಿ. ಹುಡುಗಿ ಭಾರದ ಚೌಕಟ್ಟೊಂದನ್ನು ಅವಳ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಬದಲಿಸಿದಳು. ಅವಳ ಬೆರಳುಗಳು ಕೆನ್ನೆಗೆ ತಾಗದ ಹಾಗೆ ಎಷ್ಟು ಹುಷಾರಾಗಿ ಕೆಲಸ ಮಾಡುತ್ತವೆ! ತಾಗುವ ಮೊದಲು, “ಇಲ್ಲಿ ಮುಟ್ತೀನಿ ಅಕ್ಕ,” ಎಂದು ಹೇಳಿಯೇ ಮುಟ್ಟುತ್ತಿದ್ದಳು.

“ಕೊನೆ ಸಾಲು ಓದಿ.”

ಬನ್ನಕ್ಕ ಓದಲಿಲ್ಲ. “ನಾನು ಕಣ್ಣು ತೋರಿಸೋಕೆ ಬರಲಿಲ್ಲ. ಮಲ್ಲಿ ಎಲ್ಲ ನೋಡಿದಾಳೆ. ಮೇಜಿನ ಕೆಳಗಿಂದ.”

ಗಾಜು ಹಿಡಿದ ಕೈ ಅಲ್ಲೇ ನಿಂತಿತು. ಹೊರಗೆ ಯಾರೋ ಅಂಗಡಿಯ ಬಾಗಿಲು ತೆರೆದು, ಬೆಲೆ ಕೇಳಿ, ಹೊರಟುಹೋದರು.

“ಯಾರಿಗೂ ಕಂಡಿಲ್ಲ ಅಂದ್ಕೊಂಡಿದ್ದೆ,” ಎಂದಳು ಹುಡುಗಿ. “ಬಸ್ ಸ್ಟಾಪಲ್ಲಿ ಕೈ ಹಿಡಕೊಂಡ್ರೆ ಬಿಡ್ತಾನೇ ಇರಲಿಲ್ಲ. ಫೋನಿಗೆ ಮೆಸೇಜು. ಕಥೆಯ ಉಳಿದರ್ಧ ನಂಗೊಬ್ಬನಿಗೇ ಓದಿ ಹೇಳು, ಕ್ಲಿನಿಕ್ ಮುಚ್ಚಿದ ಮೇಲೆ ಬಾ, ಅಂತ. ನಾನು ಬರಲ್ಲ ಸಾರ್ ಅಂದೆ. ಹಾಗಿದ್ರೆ ನೀನು ಬರಹಗಾರ್ತಿ ಆದ ಹಾಗೇ ಅಂತ ನಕ್ಕರು.”

“ನಂಗೆ ಒಂದು ಮಾತು ಹೇಳಬಾರದಿತ್ತಾ?”

ಹುಡುಗಿ ಅವಳ ಮೂಗಿನ ಮೇಲಿದ್ದ ಭಾರದ ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿ ತೆಗೆದಳು. ತೆಗೆದ ಮೇಲೆಯೇ ಮಾತಾಡಿದಳು.

“ಹೇಳೋಕೆ ಬಾಯಿ ತೆಗೆದಾಗೆಲ್ಲ ಗಂಟೆ ಹೊಡೆದದ್ದು ನೀವೇ ಅಲ್ವಾ ಅಕ್ಕ. ಅವರ ಮಾತನ್ನ ಹೇಗೋ ನುಂಗಿಕೊಳ್ತಿದ್ದೆ. ಆ ಟಿಣ್ ಕೇಳಿದಾಗ ಮಾತ್ರ, ಇಲ್ಲಿ ನಂಗೆ ಯಾರೂ ಇಲ್ಲ ಅನ್ನಿಸಿಬಿಡ್ತಿತ್ತು.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಪ್ಪಾಯಿತು ಎಂದಳು ಬನ್ನಕ್ಕ. ಕಟ್ಟಳೆ ಹಾಗಿತ್ತು, ಗೊತ್ತಾಗಲಿಲ್ಲ ಎಂಬ ಎರಡು ಮಾತು ನಾಲಿಗೆಯ ತುದಿಗೆ ಬಂದವು. ನುಂಗಿದಳು. ಈಗ ಸುಮ್ಮನಿರುವ ಸರದಿ ತನ್ನದು.

“ನಿಂಗೆ ಏನಾಗಬೇಕು ಹೇಳು. ನಾಲ್ಕು ಜನರ ಮುಂದೆ ಕೇಳಬೇಕಾ, ಬೇಡವಾ? ನೀನು ಹೇಳಿದ ಹಾಗೆ.”

“ನನ್ನ ವಿಷಯ ಎಲ್ಲರ ಬಾಯಲ್ಲಿ ಆಡೋದು ಬೇಡ, ಅಜ್ಜಂಗೆ ಹೇಳಿದ್ರೆ ಸಾಕು. ಅವರ ಪಕ್ಕ ಕೂರೋಕೆ ನನ್ನಿಂದ ಆಗಲ್ಲ.” ಹುಡುಗಿ ಗಾಜುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿದಳು. ಕೊನೆಯದನ್ನು ಸೇರಿಸುವಾಗ ದನಿ ತೀರಾ ಸಣ್ಣದಾಯಿತು. “ಕಥೆಯ ಉಳಿದರ್ಧ ಓದಬೇಕು ಅಂತ ಆಸೆ, ಅಕ್ಕ. ಆ ಗೋಡೆಗೆ ಒರಗಿಕೊಂಡವರ ಮುಂದೆ. ಅಷ್ಟೇ.”

ಅಷ್ಟೇ. ಆದರೆ ಆ ಅಷ್ಟೇ ಎಂಬುದು ಎಷ್ಟು ದೊಡ್ಡದೆಂದು ಬೀದಿ ದಾಟುವಾಗ ಬನ್ನಕ್ಕನಿಗೆ ಹೊಳೆಯಿತು. ಡಾಕ್ಟರು ಎದ್ದು ಹೋದರೆ ಅವರ ಹಿಂದೆ ಇನ್ನಷ್ಟು ಜನ ಎದ್ದಾರು. ಕೂಟ ಒಡೆದೀತು. ಭಾನುವಾರವೂ ಉಳಿದ ವಾರದ ಹಾಗೆ ಆದೀತು, ಬರೀ ಹಿಟ್ಟು ಮತ್ತು ಒಲೆ. ಹೇಳದಿದ್ದರೆ ಎಲ್ಲ ಮೊದಲಿನಂತೆಯೇ ನಡೆದೀತು. ದಿಂಬಿನ ಕೆಳಗಿನ ಜಿರಾಫೆಯನ್ನು ಬಿಟ್ಟು.

ಸಂಜೆ ಮಲ್ಲಿಯ ಕೈ ಹಿಡಿದು ಪ್ರೂಫಜ್ಜನ ಮನೆಗೆ ಹೋದಳು. ಅಜ್ಜ ಬಾಲ್ಕನಿಯಲ್ಲಿ ಕೂತು ಹಳೆಯ ಪತ್ರಿಕೆಯಲ್ಲಿ ತಪ್ಪು ಹುಡುಕುತ್ತಿದ್ದರು. ಹುಡುಗಿಯ ಒಪ್ಪಿಗೆ ಇದ್ದಷ್ಟನ್ನೇ ಹೇಳಿದಳು. ಅಜ್ಜ ಪೆನ್ಸಿಲನ್ನು ಪತ್ರಿಕೆಯ ಮೇಲಿಟ್ಟರು.

“ಬರೆದವರ ಜಂಬಕ್ಕೆ ಬೀಗ ಹಾಕೋಣ ಅಂದ್ಕೊಂಡಿದ್ದೆನಮ್ಮ,” ಎಂದರು. “ಬೇಡ ಅನ್ನೋ ಮಾತಿಗೂ ಬೀಗ ಬಿದ್ದಿದ್ದು ನಂಗೆ ಕಾಣಲೇ ಇಲ್ಲ. ಅವನು ಆ ದಿಂಬಿನ ಮಾತಾಡಿದಾಗ ನಾನೂ ನಕ್ಕೆನಲ್ಲ. ನಕ್ಕೆನಾ?”

“ನಕ್ಕಿರಿ ಅಜ್ಜ. ನಾನೂ ನಕ್ಕೆ.”

“ಅವನ ಹತ್ತಿರ ನಾನು ಮಾತಾಡ್ಲಾ?”

“ಬೇಡ. ಅಣ್ಣ ಅಂತ ಕರೆದವಳು ನಾನು.”

ಶುಕ್ರವಾರ ಬೆಳಿಗ್ಗೆ ಡಾಕ್ಟರು ಎಂದಿನಂತೆ ಬ್ರೆಡ್ಡಿಗೆ ಬಂದರು. ಕೌಂಟರಿನ ಗಂಟೆಯನ್ನು ತಮಾಷೆಗೆ ಟಿಣ್ ಟಿಣ್ ಎಂದು ತಟ್ಟಿ, “ತಂಗೀ, ಬಿಸಿ ಏನಿದೆ?” ಎಂದರು. ಬನ್ನಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ಅವರನ್ನು ಅಂಗಡಿಯ ಪಕ್ಕದ ಓಣಿಗೆ ಕರೆದಳು. ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

“ಅಣ್ಣ, ಆ ಹುಡುಗಿಗೆ ಇನ್ನು ಮೆಸೇಜು ಹಾಕಬೇಡಿ. ಅವಳ ಅಂಗಡಿ ಹತ್ತಿರ, ಬಸ್ ಸ್ಟಾಪಿನ ಹತ್ತಿರ ಹೋಗಬೇಡಿ. ಸದ್ಯಕ್ಕೆ ಕೂಟಕ್ಕೂ ಬರಬೇಡಿ.”

ಡಾಕ್ಟರು ನಕ್ಕರು. ಅವಳು ನಗದಿರುವುದನ್ನು ಕಂಡು ನಗು ನಿಲ್ಲಿಸಿದರು. “ಏನೋ ಚಾಡಿ ಹೇಳಿದಾಳೆ. ನಾಲ್ಕು ತಮಾಷೆ ಮಾತಾಡಿದರೆ ತಪ್ಪೇನು? ನಾನು ನಿನ್ನ ಜೊತೆ ಮಾತಾಡಲ್ವಾ? ಅಣ್ಣನ ಹಾಗೆ!”

“ನೀವು ನನ್ನ ದಿಂಬಿನ ವಿಚಾರ ಕೇಳಿಲ್ಲ. ಮೇಜಿನ ಕೆಳಗೆ ನನ್ನ ಕಾಲು ತುಳಿದಿಲ್ಲ.”

ಆ ಮಾತಿಗೆ ಅವರ ಕಿವಿ ಕೆಂಪಾಯಿತು. ತಾನು ಕೇಳಿದ್ದೆಲ್ಲ ಸುಳ್ಳಾಗಿರಲಿ ಎಂದು ಒಳಗೊಳಗೇ ಬೇಡುತ್ತಿದ್ದ ಬನ್ನಕ್ಕನಿಗೆ ಆ ಕೆಂಪೇ ಉತ್ತರವಾಯಿತು.

“ನಾನು ಬರದೇ ಹೋದ್ರೆ ಆ ಕೂಟದಲ್ಲಿ ಏನುಳಿಯುತ್ತೆ? ನಿನ್ನ ಕಥೇನ ಪತ್ರಿಕೆಗೆ ಮುಟ್ಟಿಸಿದ್ದು ಯಾರು, ಮರೆತ್ಯಾ?”

“ಮರೆತಿಲ್ಲ. ಮರೆಯೋದೂ ಇಲ್ಲ.” ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಜೇಬಿನಿಂದ ಕೈ ತೆಗೆಯಲಿಲ್ಲ. “ನಿಮ್ಮನ್ನ ಕಂಡ್ರೆ ಈಗಲೂ ನಂಗೆ ಪ್ರೀತಿನೇ. ಮಲ್ಲಿ ಹಲ್ಲು ನೋವು ಅಂದ್ರೆ ಈಗಲೂ ನಿಮ್ಮ ಹೆಸರೇ ಬಾಯಿಗೆ ಬರುತ್ತೆ. ಅದಕ್ಕೇ ಬೇರೆ ಯಾರಿಗೂ ಹೇಳೋಕೆ ಬಿಡದೆ ನಾನೇ ಹೇಳ್ತಿದೀನಿ. ನೀವು ಮಾಡಿದ್ದು ತಮಾಷೆಯಲ್ಲ ಅಣ್ಣ. ಆ ಹುಡುಗಿ ಕೂಟಕ್ಕೆ ಬರೋದನ್ನೇ ಬಿಟ್ಟಿದಾಳೆ.”

“ಎಷ್ಟು ದಿನ ಬರಬಾರದು?”

“ಅದು ನಂಗೆ ಗೊತ್ತಿಲ್ಲ. ಅವಳು ಹೆದರದೆ ಕೂತುಕೊಳ್ಳೋವರೆಗೆ.”

ಡಾಕ್ಟರು ಬ್ರೆಡ್ಡೂ ತೆಗೆದುಕೊಳ್ಳದೆ ಹೊರಟರು. ಕಟ್ಟಿಟ್ಟ ಬ್ರೆಡ್ಡು ಸಂಜೆಯವರೆಗೂ ಕೌಂಟರಿನ ಮೇಲೆಯೇ ಇತ್ತು. ಅದನ್ನು ಬೇರೆ ಗಿರಾಕಿಗೆ ಕೊಡಲು ಬನ್ನಕ್ಕನಿಗೆ ಮನಸ್ಸಾಗಲಿಲ್ಲ, ಮನೆಗೆ ಒಯ್ಯಲೂ ಇಲ್ಲ.

ಭಾನುವಾರ ಮೇಜು ಒರೆಸುವಾಗ ಅವಳು ಸ್ಟೂಲುಗಳ ನಡುವೆ ಎಂದಿಗಿಂತ ಹೆಚ್ಚು ಜಾಗ ಬಿಟ್ಟಳು. ಅಜ್ಜ ಬಂದರು, ಮೀಟರ್ ಕವಿ ಬಂದ, ಇನ್ನೂ ಕೆಲವರು ಬಂದರು. ಡಾಕ್ಟರ ಜೊತೆ ಬರುತ್ತಿದ್ದ ಇಬ್ಬರು ಬರಲಿಲ್ಲ. ಡಾಕ್ಟರು ಎಲ್ಲಿ ಎಂಬ ಪ್ರಶ್ನೆ ಎದ್ದಿತು. “ನಾನೇ ಸದ್ಯಕ್ಕೆ ಬರಬೇಡಿ ಅಂದೆ. ಯಾಕೆ ಅನ್ನೋದು ನಂಗೆ ಗೊತ್ತು, ಅಜ್ಜಂಗೆ ಗೊತ್ತು. ಬೇರೆಯವರ ಮಾತು, ನಾನು ಬಿಚ್ಚಿ ಆಡಲ್ಲ,” ಎಂದಳು ಬನ್ನಕ್ಕ. ಯಾರೂ ಕೆದಕಲಿಲ್ಲ. ಕೆಲವರು ತಲೆ ತಗ್ಗಿಸಿದ ರೀತಿಯಲ್ಲೇ, ಅವರಿಗೂ ಅಷ್ಟಿಷ್ಟು ಕಂಡಿತ್ತೆಂದು ಗೊತ್ತಾಗುತ್ತಿತ್ತು.

ಅಜ್ಜ ಎದ್ದು ನಿಂತರು. ಕೂಟದಲ್ಲಿ ಅವರು ಎದ್ದು ನಿಂತದ್ದನ್ನು ಯಾರೂ ಕಂಡಿರಲಿಲ್ಲ.

“ಕಟ್ಟಳೆ ಹಾಕಿದವನು ನಾನು. ಪ್ರೂಫ್ ತಿದ್ದುವಾಗ ತಪ್ಪು ಬಿಟ್ಟುಬಿಟ್ಟಿದೀನಿ, ಈಗ ತಿದ್ದಬೇಕು. ಕಥೆ ಬಗ್ಗೆ ಏನು ಬೇಕಾದ್ರೂ ಆಡಿ, ಚರ್ಮ ಸುಲೀರಿ ಬೇಕಾದ್ರೆ. ಬರೆದವರ ಮುಖ, ಮೈ, ಮನೆ, ಮಂಚ, ಇವುಗಳ ಸುದ್ದಿಗೆ ಹೋಗಬೇಡಿ. ಅವರಾಗಿ ಕೇಳದೆ ಹೊರಗೆ ಹಿಂದೆ ಬೀಳಬೇಡಿ, ಫೋನು ಮಾಡಬೇಡಿ. ಮೈ ಮುಟ್ಟೋದಂತೂ ಬೇಡವೇ ಬೇಡ. ಯಾರಿಗಾದ್ರೂ ಏನಾದ್ರೂ ಆದ್ರೆ ಬನ್ನಕ್ಕಂಗೆ ಹೇಳಿ. ಬನ್ನಕ್ಕನೇ ತಪ್ಪು ಮಾಡಿದ್ರೆ ನಂಗೆ ಹೇಳಿ.”

“ನೀವು ಮಾಡಿದ್ರೆ?” ಮೀಟರ್ ಕವಿ ಕೇಳಿದ.

“ನಿಂಗೆ ಹೇಳ್ತಾರೆ ಕಣಯ್ಯಾ. ನೀನು ಹೇಗೂ ಊರೆಲ್ಲ ಸುತ್ತೋನು.”

ನಗು ಎದ್ದಿತು. ಡಾಕ್ಟರಿದ್ದಾಗ ಏಳುತ್ತಿದ್ದಷ್ಟು ದೊಡ್ಡದಲ್ಲ. ಆ ದೊಡ್ಡ ನಗುವಿಗಾಗಿ ಬನ್ನಕ್ಕನ ಎದೆ ಒಮ್ಮೆ ಚುರ್ ಎಂದಿತು. ಅದು ಸುಳ್ಳಲ್ಲ.

“ಇನ್ನೊಂದಿದೆ,” ಎನ್ನುತ್ತಾ ಅವಳು ತನ್ನ ಮುಂದಿನ ಗಂಟೆಯನ್ನು ಎತ್ತಿ, ಓದುವವರು ಕೂರುವ ಸ್ಟೂಲಿನ ಮುಂದಿಟ್ಟಳು. “ಇದು ಇನ್ನು ಓದುವವರ ಹತ್ತಿರ ಇರುತ್ತೆ. ಸುಮ್ಮನೆ ಕೂತು ಕೇಳೋದು ಹಾಗೇ ಇರಲಿ. ಆದ್ರೆ ಮಾತು ಎಲ್ಲೆ ದಾಟ್ತು ಅನ್ನಿಸಿದ್ರೆ ಓದಿದವರು ತಟ್ಟಬಹುದು. ತಟ್ಟಿದ ತಕ್ಷಣ ಮಾತು ನಿಲ್ಲಬೇಕು. ಯಾಕೆ ತಟ್ಟಿದ್ರಿ ಅಂತ ಯಾರೂ ಕೇಳೋ ಹಾಗಿಲ್ಲ.”

“ಹಾಗಿದ್ರೆ ನಾನು ತಟ್ಟುತ್ತಾನೇ ಇರ್ತೀನಿ!” ಎಂದ ಕವಿ.

“ನಿಂಗೆ ಮಾತ್ರ ಗಂಟೆಗೆ ಬಟ್ಟೆ ಸುತ್ತಿ ಕೊಡ್ತೀನಿ.”

ಆಗಲೇ ಬಾಗಿಲ ಬಳಿ ನೆರಳು ಬಿತ್ತು. ಕನ್ನಡಕದ ಅಂಗಡಿಯ ಹುಡುಗಿ. ಭಾನುವಾರ ಡಾಕ್ಟರು ಇರುವುದಿಲ್ಲ ಎಂದು ಬನ್ನಕ್ಕ ಹಿಂದಿನ ದಿನವೇ ಅವಳಿಗೆ ಹೇಳಿ ಬಂದಿದ್ದಳು. ಬ್ಯಾಗನ್ನು ಎದೆಗೆ ಅವಚಿಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, ಕೋಣೆಯ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನೋಡಿ ಮುಗಿದ ಮೇಲೆ ಹೊರಗಿದ್ದ ಕಾಲನ್ನು ಒಳಗೆ ತಂದಳು. ಯಾರೂ ಅವಳನ್ನು ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. ಮೀಟರ್ ಕವಿ ಎದ್ದು ಬೆಚ್ಚನೆಯ ಗೋಡೆಯ ಪಕ್ಕದ ತನ್ನ ಜಾಗ ಬಿಡಲು ಹೋಗಿ, ಅವಳು ಬೇಡವೆಂದು ತಲೆಯಾಡಿಸಿದ್ದರಿಂದ ಮತ್ತೆ ಕೂತ. ಅವಳು ನೇರವಾಗಿ ಓದುವ ಸ್ಟೂಲಿಗೆ ಬಂದಳು. ಗಂಟೆಯನ್ನು ನೋಡಿದಳು. ಬನ್ನಕ್ಕನನ್ನು ನೋಡಿದಳು.

“ಅದು ನಿಂದು,” ಎಂದಳು ಬನ್ನಕ್ಕ.

ಹುಡುಗಿ ಕಥೆಯ ಉಳಿದರ್ಧ ತೆಗೆದಳು. ಮೊದಲ ಸಾಲುಗಳಲ್ಲಿ ದನಿ ನಡುಗಿತು, ಆಮೇಲೆ ಕಥೆಯೇ ಅವಳನ್ನು ಕೈಹಿಡಿದು ನಡೆಸಿತು. ಅಂಗಡಿಯ ಹೆಂಗಸು ಆ ಸಣ್ಣ ಚೌಕಟ್ಟನ್ನು ಬಿಸಿಗಾಳಿಗೆ ಹಿಡಿಯುತ್ತಾಳೆ. ಬಿಸಿ ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ಮುರಿಯುತ್ತದೆ. ಮುದುಕ ಎದುರು ಕೂತು, ಹೆಂಡತಿ ಆ ಕನ್ನಡಕವನ್ನು ಎಲ್ಲೆಲ್ಲಿ ಇಟ್ಟು ಮರೆಯುತ್ತಿದ್ದಳೆಂದು ಹೇಳುತ್ತಾನೆ. ಸಕ್ಕರೆಯ ಡಬ್ಬಿಯಲ್ಲಿ, ಮೊಮ್ಮಗುವಿನ ತೊಟ್ಟಿಲಲ್ಲಿ, ತನ್ನದೇ ತಲೆಯ ಮೇಲೆ. ಚೌಕಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಅಗಲವಾಗುತ್ತದೆ. ಮುದುಕ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಬಾಗುತ್ತಾನೆ. ಅಲ್ಲಿಗೆ ಅವಳು ಉಸಿರೆಳೆದುಕೊಂಡು, ಹಾಳೆಯನ್ನು ಕೆಳಗಿಟ್ಟಳು.

ಗೋಡೆಗೆ ಒರಗಿದವರೆಲ್ಲ ಒರಗಿಯೇ ಇದ್ದರು. ಮೊದಲು ಬಾಯಿ ತೆರೆದವನು ಮೀಟರ್ ಕವಿ. “ನಿಮ್ಮ ಕಣ್...” ಎಂದವನು ನಾಲಿಗೆ ಕಚ್ಚಿಕೊಂಡು, “ನಿಮ್ಮ ಕಥೆಯಲ್ಲಿ ಆ ಸಕ್ಕರೆ ಡಬ್ಬಿ ಇದೆಯಲ್ಲ, ಅದು...” ಎಂದ. ಅಷ್ಟರಲ್ಲಿ ಅಜ್ಜ, “ಬಿಸಿಯ ಅಂದಾಜು ಎಷ್ಟು ಚೆನ್ನಾಗಿ ಬಂದಿದೆ,” ಎಂದರು. ಮೂಲೆಯಿಂದ ಇನ್ನಾರೋ, ಕನ್ನಡಿಯಲ್ಲಿ ಕೊನೆಯಾಗಿದ್ದು ಸರಿಯೇ, ಅದು ಸ್ವಲ್ಪ ಬೇಗ ಆಗಲಿಲ್ಲವೇ ಎಂದು ಶುರುಮಾಡಿದರು. ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬಿತ್ತು.

ಟಿಣ್!

ಎಲ್ಲರೂ ಅಲ್ಲಲ್ಲೇ ಕಲ್ಲಾದರು. ಕವಿಯ ಕೈ ಗಾಳಿಯಲ್ಲೇ ನಿಂತಿತು. ತಾನೇನು ತಪ್ಪಾಡಿದೆ ಎಂದು ಅಜ್ಜ ಕಣ್ಣು ಬಿಟ್ಟರು. ಮೇಜಿನ ಕೆಳಗಿಂದ ಮಲ್ಲಿಯ ತಲೆ ಹೊರಬಂತು. ಬನ್ನಕ್ಕ ಹುಡುಗಿಯತ್ತ ಬಾಗಿದಳು. ಯಾಕೆ ಎಂದು ಕೇಳುವ ಹಾಗಿಲ್ಲ, ತಾನೇ ಹೇಳಿದ ಮಾತು.

ಗಂಟೆಯ ಮೇಲೆ ಅಂಗೈ ಇಟ್ಟುಕೊಂಡೇ ಹುಡುಗಿ ಒಬ್ಬೊಬ್ಬರನ್ನೂ ನೋಡಿದಳು. ನಿಜವಾಗಿಯೂ ಎಲ್ಲರೂ ಸುಮ್ಮನಾಗಿದ್ದಾರೆಂದು ಖಾತ್ರಿಯಾದ ಮೇಲೆ ಅವಳ ತುಟಿಯಂಚಿನಲ್ಲಿ ಏನೋ ಸಡಿಲವಾಯಿತು.

“ಮುಗಿದಿಲ್ಲ,” ಎಂದಳು. “ಇನ್ನೂ ಒಂದು ಹಾಳೆ ಇದೆ.”

ಕೂಟದ ಉಸಿರು ಒಮ್ಮೆಲೇ ಹೊರಬಿತ್ತು. ಕವಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬನ್ನಕ್ಕ ತನ್ನ ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡಳು. ಕಾಯಬೇಕಾದ ಗಂಟೆ ಮುಂದಿರಲಿಲ್ಲವಾದ್ದರಿಂದ, ಇಷ್ಟು ದಿನದಲ್ಲಿ ಮೊದಲ ಸಲ, ತಾನೇ ಬೆಂಕಿ ಹಾಕಿ ಬೆಚ್ಚಗಾಗಿಸಿದ ಗೋಡೆಗೆ ಬೆನ್ನು ಕೊಟ್ಟಳು. ಮಲ್ಲಿ ತೆವಳಿಕೊಂಡು ಬಂದು ತೊಡೆಯ ಮೇಲೆ ಕೂತಳು.

“ಓದು,” ಎಂದಳು ಮಲ್ಲಿ, ಎಲ್ಲರ ಪರವಾಗಿ.

ಹುಡುಗಿ ಕೊನೆಯ ಹಾಳೆ ತಿರುವಿದಳು.